ತುಟಿ ಸೇರದ ದನಿ

"ಇದನ್ನ ರೆಕಾರ್ಡಿಂಗ್ ಅಂತಾರಾ? ಮೂಟೆ ಕಟ್ಟಿ ತಂದಿಟ್ಟ ಕಸ ಇದು!"

ಗಿರಿಧರನ ಮುಖ ಕಂಡ ಕೂಡಲೇ ಸುಮೇಧಾ ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಕೂತ್ಕೊಳ್ಳಿ ಇಲ್ಲ, ಕಾಫಿ ಆಯ್ತಾ ಇಲ್ಲ. ಇಂಥ ಮಾತಿನಿಂದ ಶುರುವಾದದ್ದು ಪ್ರೀತಿಯವರೆಗೆ ಹೋಗುತ್ತದೆ ಎಂದು ಆ ಹೊತ್ತಿನಲ್ಲಿ ಯಾರಾದರೂ ಅವಳ ಕಿವಿಯಲ್ಲಿ ಉಸುರಿದ್ದರೆ, ಉಸುರಿದವರ ಗತಿ ಅಷ್ಟೇ.

ಅವಳ ಸಿಟ್ಟಿಗೆ ಕಾರಣವೂ ಇತ್ತು. ನುಂಗಂಬಾಕ್ಕಂನ ಒಂದು ಸಂದಿಯಲ್ಲಿ, ಹಳೆಯ ಮನೆಯ ಮಹಡಿಯ ಮೇಲೆ, ಸುಜಯೀಂದ್ರ ಅವರ ಪುಟ್ಟ ಸ್ಟುಡಿಯೋ. ಸುಮೇಧಾ ಅಲ್ಲಿ ಎಡಿಟರ್. ಮಣಲಿಯ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ದುಡಿದವರ ಬಗ್ಗೆ ಸುಜಯೀಂದ್ರ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದರು. ಶುಕ್ರವಾರ ಅದನ್ನು ಕಾರ್ಖಾನೆಯವರಿಗೆ ತೋರಿಸಬೇಕು. ಸೋಮವಾರ ಬೆಳಿಗ್ಗೆ ಕೂತು ನೋಡಿದರೆ ಒಂದು ಕಡೆ ಚಿತ್ರವಿದೆ, ಇನ್ನೊಂದು ಕಡೆ ಧ್ವನಿಯಿದೆ, ಯಾವ ಧ್ವನಿ ಯಾವ ಚಿತ್ರದ್ದು ಎಂದು ಹೇಳುವ ಒಂದಕ್ಷರ ಎಲ್ಲೂ ಇಲ್ಲ.

ಧ್ವನಿಯ ಫೈಲ್ ಎಂದರೆ ಬರೀ ಧ್ವನಿಯಲ್ಲ. ಇದು ಯಾವ ದೃಶ್ಯ, ಎಷ್ಟನೇ ಟೇಕ್, ಯಾವ ಮೈಕು ಯಾರ ಕಾಲರಿನಲ್ಲಿತ್ತು, ಗಡಿಯಾರದ ಯಾವ ಕ್ಷಣದಲ್ಲಿ ಶುರುವಾಯಿತು ಎಂಬುದನ್ನೆಲ್ಲ ರೆಕಾರ್ಡ್ ಮಾಡುವವನು ಫೈಲಿನ ಒಳಗೇ ತುಂಬಿರುತ್ತಾನೆ. ಅದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಓದಿ, ಧ್ವನಿಯನ್ನು ತಾನೇ ಕರೆತಂದು ಆಯಾ ತುಟಿಯ ಮೇಲೆ ಕೂರಿಸುತ್ತದೆ. ಕಾರ್ಖಾನೆಯ ಗಲಾಟೆಯಲ್ಲಿ ಕ್ಲಾಪ್ ಹೊಡೆದು ಗುರುತಿಡುವುದು ಆಗದು ಎಂದು ಎಲ್ಲರೂ ಇದನ್ನೇ ನಂಬಿದ್ದರು. ಈಗ ಸುಮೇಧಾಳ ತೆರೆಯಲ್ಲಿ ಆ ಕಾಲಂಗಳೆಲ್ಲ ಖಾಲಿ. ದೃಶ್ಯ ಖಾಲಿ, ಟೇಕ್ ಖಾಲಿ, ಟಿಪ್ಪಣಿ ಖಾಲಿ. ಸಮಯದ ಜಾಗದಲ್ಲಿ ಸಾಲಾಗಿ ಸೊನ್ನೆಗಳು.

"ಎಲ್ಲಾ ಹಾಕೀನ್ರಿ," ಎಂದ ಸೌಂಡ್ ರೆಕಾರ್ಡಿಸ್ಟ್ ಗಿರಿಧರ್. ಉದ್ದನೆಯ ಆಳು, ಕುತ್ತಿಗೆಗೆ ನೇತುಬಿದ್ದ ಹೆಡ್‌ಫೋನು, ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದರೂ ಬಾಯಿ ತೆರೆದರೆ ಹುಬ್ಬಳ್ಳಿ. "ಒಂದೊಂದು ಟೇಕಿಗೂ ಹೆಸರು ಹಾಕೀನಿ. ಕ್ಯಾಮೆರಾದ ಗಡಿಯಾರಕ್ಕ ನನ್ನ ಗಡಿಯಾರ ಕೂಡ್ಸೀನಿ. ಸರಿಯಾಗಿ ನೋಡ್ರಿ ನೀವು."

"ಎಲ್ಲಿ ಹಾಕಿದೀರಿ? ಗಾಳೀಲಾ?" ಸುಮೇಧಾ ಮಾನಿಟರನ್ನು ಅವನ ಕಡೆಗೆ ತಿರುಗಿಸಿದಳು. "ಇಂದಾಂಗೊ, ತಗೊಳ್ಳಿ, ನೀವೇ ನೋಡಿ!"

ಅವನು ಬಗ್ಗಿದ. ಕಣ್ಣು ಕಾಲಂಗಳ ಮೇಲೆ ಓಡಿತು, ಫೈಲಿನ ಹೆಸರುಗಳ ಮೇಲೆ ಒಂದು ಕ್ಷಣ ನಿಂತಿತು. ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಮುಚ್ಚಿಕೊಂಡ.

ಕಳ್ಳ ಸಿಕ್ಕಿಬಿದ್ದ ಎಂದುಕೊಂಡಳು ಸುಮೇಧಾ, ಭಾರೀ ಖುಷಿಯಿಂದ.

ಸುಜಯೀಂದ್ರ ಅವರು ಹಣೆಯ ಅಕ್ಷತೆಯ ಬೊಟ್ಟು ಬೆವರಿಗೆ ಕರಗುವಷ್ಟು ಕೂಗಾಡಿದರು. ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆತನ, ಸಿಟ್ಟು ಬಂದರೆ ಕನ್ನಡ ತಮಿಳು ಎರಡೂ ಒಟ್ಟಿಗೆ ಬರುತ್ತವೆ. "ಏನಪ್ಪಾ ಗಿರಿ, ಎನ್ನ ಇದು? ಈಗ ಇಬ್ಬರೂ ಕೂತು ಕಿವೀಲಿ ಕೇಳಿ ಒಂದೊಂದನ್ನೂ ಕೂರಿಸಿ. ಶುಕ್ರವಾರಕ್ಕೆ ಆಗಲಿಲ್ಲ ಅನ್ನು, ಪ್ರೊಡ್ಯೂಸರ್ಸ್ ಗ್ರೂಪ್‌ನಲ್ಲಿ ನಿನ್ನ ಹೆಸರು ಹಾಕ್ತೀನಿ. ಆಮೇಲೆ ಈ ಊರಲ್ಲಿ ಯಾವನೂ ನಿನ್ನ ಕೈಗೆ ಮೈಕ್ ಕೊಡಲ್ಲ. ಆಯ್ತು ಅಂದ್ರೂ ಅಷ್ಟೇ, ನನ್ನ ಹತ್ರ ನಿನಗೆ ಇದೇ ಕಡೇ ಪಡಂ, ಕಡೇ ಸಿನಿಮಾ."

ಆಮೇಲೆ ಸುಮೇಧಾಳ ಕಡೆ ತಿರುಗಿ ದನಿ ತಗ್ಗಿಸಿದರು. "ಇದೊಂದು ಮುಗಿಸಮ್ಮಾ. ಮುಂದಿನ ತಿಂಗಳಿಂದ ಎಡಿಟಿಂಗ್ ಪೂರ್ತಿ ನೀನೇ ಹೆಡ್ಡು."

ಅದಕ್ಕೂ ಹಿನ್ನೆಲೆ ಇತ್ತು. ಬೇರೆ ಬೇರೆ ಕಡೆಯಿಂದ ಬರುವ ಫೈಲುಗಳನ್ನೆಲ್ಲ ಒಂದೇ ಅಳತೆಗೆ ತಂದು, ಓರಣವಾಗಿ ಹೊಸ ಹೆಸರು ಕೊಡುವ ಒಂದು ಕನ್ವರ್ಟರನ್ನು ಹೋದ ತಿಂಗಳಷ್ಟೇ ಸುಮೇಧಾ ತಾನೇ ಹುಡುಕಿ ತಂದು ಕೂರಿಸಿದ್ದಳು. ಈಗ ಯಾವ ಫೈಲ್ ಬಂದರೂ ಮೊದಲು ಅದರೊಳಗೆ ಹಾದು ಬರಬೇಕು. ಅದನ್ನು ಮೆಚ್ಚಿಯೇ ಸುಜಯೀಂದ್ರ ಅವರಿಗೆ ಅವಳನ್ನು ಹೆಡ್ ಮಾಡುವ ಮನಸ್ಸಾದದ್ದು. ಅವಳ ಅಮ್ಮ ಈಗಾಗಲೇ ತಿರುವಲ್ಲಿಕ್ಕೇಣಿಯ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯಾಗಿತ್ತು.

ಹೀಗೆ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ತೆರೆಯ ಮುಂದೆ, ಪಕ್ಕಪಕ್ಕದ ಕುರ್ಚಿಗೆ ಬಂದು ಬಿದ್ದರು.

ಧ್ವನಿಯ ಅಲೆಗಳನ್ನು ನೋಡಿ ತಾನೇ ಜೋಡಿಸುವ ಉಪಾಯ ಸಾಫ್ಟ್‌ವೇರಿನಲ್ಲಿ ಇಲ್ಲದಿಲ್ಲ. ಆದರೆ ಕ್ಯಾಮೆರಾದ ಕಿವಿಗೆ ಕೇಳಿದ್ದೆಲ್ಲ ಬರೀ ಯಂತ್ರದ ಅಬ್ಬರ, ಅದು ಅಬ್ಬರವನ್ನು ಅಬ್ಬರಕ್ಕೆ ಜೋಡಿಸಿ ಕೈತೊಳೆದುಕೊಂಡಿತು. ಉಳಿದದ್ದು ಒಂದೇ ದಾರಿ. ಒಬ್ಬರು ತುಟಿ ನೋಡಬೇಕು, ಒಬ್ಬರು ದನಿ ಕೇಳಬೇಕು. ಪ, ಬ, ಮ ಬಂದಲ್ಲಿ ತುಟಿಗಳು ಒಂದನ್ನೊಂದು ಮುಟ್ಟುತ್ತವೆ. ಆ ಮುಟ್ಟುವ ಕ್ಷಣಕ್ಕೆ ಧ್ವನಿಯನ್ನು ತಂದು ನಿಲ್ಲಿಸಿದರೆ ಮಾತು ಮನುಷ್ಯನದಾಗುತ್ತದೆ.

"'ಬಾಯ್ಲರ್' ಅಂತಿದಾರೆ. ತುಟಿ ಮುಚ್ಚಬೇಕು, ಮುಚ್ಚಿಲ್ಲ. ಹಿಂದೆ ತಗೋತೀನಿ," ಎಂದಳು ಅವಳು.

"ಹಿಂದ ಅಲ್ರಿ. ಎರಡು ಫ್ರೇಮ್ ಮುಂದ."

"ಎಡಿಟರ್ ಯಾರು?"

"ನೀವ."

"ಮತ್ತೆ?"

"ಕಿವಿ ಯಾರ್ದು?"

ಹಲ್ಲು ಕಚ್ಚಿಕೊಂಡು ಎರಡು ಫ್ರೇಮ್ ಮುಂದೆ ತಳ್ಳಿದಳು. ಮಾತು ಹೋಗಿ ತುಟಿಯ ಮೇಲೆ ಕೂತೇಬಿಟ್ಟಿತು. ಬಾಯಿ ತುಂಬ ಹೊಗಳಬೇಕಾಗಿರಲಿಲ್ಲ, ಒಂದು ಹೂಂ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅನ್ನಲಿಲ್ಲ. ಮುಂದಿನ ಫೈಲ್ ತೆರೆದಳು.

"ಅದೇನು ಮಾತಿಗೊಂದು ರೀ?" ಎಂದು ಸ್ವಲ್ಪ ಹೊತ್ತಿನ ಮೇಲೆ ಸಿಡುಕಿದಳು. "ನಮ್ಮ ಮನೇಲಿ ಅಮ್ಮ ಅಪ್ಪನ್ನ ಹಾಗೆ ಕರೆಯೋದು."

"ನಮ್ಮ ಕಡೆ ಬಸ್ ಕಂಡಕ್ಟರ್‌ಗೂ ಅಂತಾರ್ರಿ."

"ನನಗೆ ಅನ್ನಬೇಡಿ."

"ಮತ್ತೇನ್ ಅನ್ಲಿ? ಲೇ ಅನ್ಲಿ?"

"ಸುಮೇಧಾ ಅನ್ನಿ. ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರಿ."

"ಆತು, ಸುಮೇಧಾ." ಒಂದು ಉಸಿರು ಬಿಟ್ಟು, "ರೀ."

ಸ್ಟುಡಿಯೋದ ಫೋನು, ಬೀಗದ ಕೈ, ಕಾಫಿ ಮೂರನ್ನೂ ನೋಡಿಕೊಳ್ಳುವ ಬೇಬಿ ಅಕ್ಕ ಬಾಗಿಲಲ್ಲಿ ತಲೆ ಹಾಕಿ, "ಎನ್ನಮ್ಮಾ, ತಿರುಂಬ ಸಂಡೈಯಾ?" ಎಂದು ಕೇಳಿದಳು. ಮತ್ತೆ ಜಗಳವಾ ಎಂದರೆ ಇಬ್ಬರೂ ಒಟ್ಟಿಗೇ ಇಲ್ಲ ಎಂದರು. ಆ ಒಂದು ಮಾತಿನಲ್ಲಿ ಮಾತ್ರ ಅವರಿಗೆ ಆವತ್ತು ಒಮ್ಮತವಿತ್ತು.

ಮಂಗಳವಾರ ಇನ್ನೂ ಕೆಟ್ಟದಾಗಿತ್ತು. ಎಸಿ ತಾಪಮಾನಕ್ಕೆ ಜಗಳ, ಸ್ಪೀಕರಿನ ದನಿಗೆ ಜಗಳ. ಅವಳು ಜೋರಾಗಿ ಇಟ್ಟರೆ ಅವನು ತಗ್ಗಿಸುವುದು, "ಕಿವಿ ಹಾಳ್ ಮಾಡ್ಕೋತೀರಿ," ಎನ್ನುವುದು. "ನನ್ನ ಕಿವಿ, ನನ್ನ ಇಷ್ಟ," ಎಂದು ಅವಳು ಮತ್ತೆ ಏರಿಸುವುದು. ಊಟದ ಹೊತ್ತಿಗೆ ಅವನು ಡಬ್ಬಿಯಿಂದ ಶೇಂಗಾ ಚಟ್ನಿ ತೆಗೆದು ಮುಂದೆ ಸರಿಸಿದ. ಅವಳು ನೋಡದವಳಂತೆ ಮೊಸರನ್ನ ತಿಂದಳು. ಚಟ್ನಿಯ ವಾಸನೆ ಮಾತ್ರ ಸಂಜೆಯವರೆಗೂ ಮೂಗಿನಲ್ಲೇ ಕೂತಿತ್ತು, ಹಾಳಾದ್ದು.

ಸಂಜೆ ವೇಲಚೇರಿಯ ರೈಲಿನಲ್ಲಿ ಕೂತಾಗ ಅವಳಿಗೆ ತನ್ನ ಮೇಲೇ ಬೇಸರ ಬಂತು. ಎದುರಿನ ಸೀಟಿನ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದರೆ ಇವಳ ಕಣ್ಣು ಅವಳ ತುಟಿಗೆ ಅಂಟಿಕೊಂಡಿತು. ಹೂ ಮಾರುವವಳು ಮೊಳಕ್ಕೆ 'ಮುಳಂ' ಎಂದಳು, ತುಟಿ ಮುಚ್ಚಿತು, ಸರಿಯಾಗಿದೆ ಎಂದು ಮನಸ್ಸು ಲೆಕ್ಕ ಹಾಕಿತು. ಆಮೇಲೆ ಯಾರೂ ಮಾತಾಡದಿದ್ದರೂ ಎರಡು ತುಟಿಗಳು ಕಣ್ಣ ಮುಂದೆ ಬಂದವು. ಕೆಳತುಟಿಯ ಬಲಗಡೆ ಒಂದು ಪುಟ್ಟ ಗಾಯದ ಗುರುತು. ನಗು ತಡೆದುಕೊಂಡಾಗ ಅದು ಮೊದಲು ಅದುರುತ್ತದೆ. ಇದನ್ನೆಲ್ಲ ತಾನು ಯಾವಾಗ ನೋಡಿದೆ?

"ಛೀ," ಎಂದಳು, ಹೊರಗೇ ಕೇಳಿಸುವಂತೆ.

ಬುಧವಾರ ಪ್ರೇಮಮ್ಮನ ಸರದಿ ಬಂತು. ಪ್ರೇಮಮ್ಮ ಕಾರ್ಖಾನೆಯ ಕ್ಯಾಂಟೀನನ್ನು ನಡೆಸಿ ನಿವೃತ್ತರಾದವರು, ಕನ್ನಡದವರು. ತೆರೆಯ ಮೇಲೆ ಅವರು ಸೆರಗನ್ನು ಭುಜಕ್ಕೆ ಎಳೆದುಕೊಂಡು ಗಂಡನ ಕಥೆ ಹೇಳುತ್ತಿದ್ದರು. ಅವರ ತುಟಿ ಒಂದು ಕಡೆ, ದನಿ ಒಂದು ಕಡೆ. ಗಿರಿಧರ್ ಕಣ್ಣು ಮುಚ್ಚಿ ಕೇಳುತ್ತ ಬೆರಳಿನಿಂದ ಮೇಜು ತಟ್ಟಿದ. ಅವನು ತಟ್ಟಿದಲ್ಲಿ ಅವಳು ಧ್ವನಿಯನ್ನು ಸರಿಸಿದಳು. ಒಮ್ಮೆಲೇ ಪ್ರೇಮಮ್ಮ ಜೀವ ಬಂದಂತೆ ಮಾತಾಡತೊಡಗಿದರು.

"ಅವರು ಫಿಟ್ಟರ್ ಆಗಿದ್ದರು. ದಿನಾ ನನ್ನ ಸಾಂಬಾರಿಗೆ ಹೆಸರಿಡೋರು. ಉಪ್ಪು ಜಾಸ್ತಿ, ಹುಳಿ ಕಮ್ಮಿ, ಇದೇನು ಸಾಂಬಾರಾ ಕೊಳದ ನೀರಾ. ಮ್ಯಾನೇಜರ್ ವರೆಗೂ ಹೋದರು. ಆದ್ರೆ ನೋಡಿ, ಸಾಲಲ್ಲಿ ಮೊದಲು ತಟ್ಟೆ ಹಿಡಿದು ನಿಂತಿರೋರು ಯಾರು? ಅವರೇ! ಒಂದಿನ ಕೇಳೇಬಿಟ್ಟೆ, ಅಷ್ಟು ಕೆಟ್ಟದಾಗಿದ್ರೆ ಯಾಕ್ರೀ ಬರ್ತೀರಾ ಅಂತ. ಮಾತೇ ಇಲ್ಲ! ಸೌಟು ನೋಡ್ಕೊಂಡು ನಿಂತ್ರು ಪಾಪ."

ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. ಸುಮೇಧಾ ತಲೆ ಹಿಂದಕ್ಕೆ ಒರಗಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟರಲ್ಲಿ ಆ ದೃಶ್ಯ ಮುಗಿದು ತೆರೆ ಕಪ್ಪಾಯಿತು. ಕಪ್ಪು ಗಾಜಿನಲ್ಲಿ ಅವಳ ಮುಖ, ಪಕ್ಕದಲ್ಲಿ ಅವನ ಮುಖ. ಅವನು ತೆರೆ ನೋಡುತ್ತಿರಲಿಲ್ಲ.

"ಏನು ನೋಡ್ತಿದೀರಿ?"

"ತುಟಿ ಮುಚ್ಚಿದವೋ ಇಲ್ಲೋ ಅಂತ."

"ಪ್ರೇಮಮ್ಮನವು ಅಲ್ಲಿವೆ."

"ಗೊತ್ತೈತ್ರಿ."

ಕಿವಿಯ ತುದಿಯವರೆಗೆ ಬಿಸಿ ಏರಿತು ಅವಳಿಗೆ. ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಇಷ್ಟವಾಗಿಬಿಟ್ಟಿದ್ದ. ಸುಳ್ಳೇಕೆ, ಅವನ ಹೆಡ್‌ಫೋನು, ಅವನ ಹುಬ್ಬಳ್ಳಿ, ಕಣ್ಣು ಮುಚ್ಚಿ ಮೇಜು ತಟ್ಟುವ ಆ ಬೆರಳು, ಎಲ್ಲವೂ ಇಷ್ಟವಾಗಿಬಿಟ್ಟಿತ್ತು. ಅದಕ್ಕೇ ಮೈಯೆಲ್ಲ ಉರಿಯಿತು. ಫೈಲಿಗೆ ಒಂದು ಹೆಸರು ಹಾಕಲಾರದ ಬೇಜವಾಬ್ದಾರಿ ಮನುಷ್ಯ! ಹಾಕಿದ್ದೀನಿ ಎಂದು ಮುಖ ನೋಡಿ ಸುಳ್ಳು ಬೇರೆ ಹೇಳಿದವನು! ಇಂಥವನ ಮೇಲೆ ಮನಸ್ಸು ಹೋಗುವುದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಆ ಸಂಜೆ ಅವನು ಹೊರಡುವಾಗ "ಬರ್ತೀನ್ರಿ" ಎಂದರೆ, "ನಾಳೆಯಾದರೂ ಕೆಲಸ ಮಾಡಿ, ಸುಮ್ಮಾ ಹರಟಬೇಡಿ," ಎಂದಳು. ಅವನ ಮುಖ ಸಣ್ಣಗಾಯಿತು. ಅದನ್ನು ನೋಡಿ ಅವಳಿಗೆ ಅಯ್ಯೋ ಅನಿಸಿತು. ಅಯ್ಯೋ ಅನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಗುರುವಾರ ಬೆಳಿಗ್ಗೆ ಸುಜಯೀಂದ್ರ ಅವರಿಗೆ ಖಾಲಿ ಕ್ಯಾಂಟೀನಿನ ಸದ್ದು ಬೇಕೆನಿಸಿತು. ಜನರಿಲ್ಲದ ಹಾಲ್, ಫ್ಯಾನು, ದೂರದ ಯಂತ್ರ. ಗಿರಿಧರ್ ಮಣಲಿಗೆ ಹೋಗಿ, ರೆಕಾರ್ಡ್ ಮಾಡಿಕೊಂಡು, ಮಧ್ಯಾಹ್ನದ ಹೊತ್ತಿಗೆ ಬೆವರಿ ತೊಪ್ಪೆಯಾಗಿ ಬಂದ. ಕಾರ್ಡನ್ನು ಅವಳ ಮೇಜಿನ ಮೇಲಿಟ್ಟು, ಚೀಲವನ್ನು ಕುರ್ಚಿಗೆ ನೇತುಹಾಕಿ, ಕೆಳಗಿನ ಮೆಸ್ಸಿಗೆ ಊಟಕ್ಕೆ ಹೋದ.

ಅವಳಿಗೆ ಅವಸರವಿತ್ತು. ಒಂದೇ ಒಂದು ಫೈಲ್, ಕನ್ವರ್ಟರಿಗೆ ಹಾಕಿ ಕಾಯುವುದೇಕೆ ಎಂದು ಕಾರ್ಡಿನಿಂದ ನೇರವಾಗಿ ಎಳೆದು ಸಾಫ್ಟ್‌ವೇರಿನೊಳಗೆ ಬಿಟ್ಟಳು.

ಕಾಲಂಗಳು ತುಂಬಿಕೊಂಡವು.

ದೃಶ್ಯ: ಕ್ಯಾಂಟೀನ್. ಟೇಕ್: ಒಂದು. ಸಮಯ: ಬೆಳಗಿನ ಹತ್ತೂವರೆ, ಸೆಕೆಂಡು ಫ್ರೇಮ್ ಸಹಿತ. ಟಿಪ್ಪಣಿಯಲ್ಲಿ, ಎಡಗಡೆಯ ಫ್ಯಾನ್ ಕಿರುಗುಡುತ್ತದೆ, ಬೇಡವಾದಲ್ಲಿ ಎರಡನೇ ಟ್ರ್ಯಾಕ್ ಮಾತ್ರ ಬಳಸಿ.

'ಓಹೋ, ಮಹಾಶಯರಿಗೆ ಈಗ ಬುದ್ಧಿ ಬಂತು' ಎಂದುಕೊಂಡಳು. ಉಳಿದ ಫೈಲುಗಳ ಜೊತೆ ಒಂದೇ ಸಾಲಿನಲ್ಲಿರಲಿ ಎಂದು ಅದೇ ಫೈಲನ್ನು ಕನ್ವರ್ಟರಿಗೆ ಹಾಕಿ ಮತ್ತೆ ತೆರೆದಳು.

ಖಾಲಿ. ದೃಶ್ಯ ಖಾಲಿ, ಟೇಕ್ ಖಾಲಿ, ಟಿಪ್ಪಣಿ ಖಾಲಿ. ಸಾಲಾಗಿ ಸೊನ್ನೆಗಳು.

ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹಾಕಿದಳು. ಮತ್ತೆ ಖಾಲಿ. ಅವಳು ಹುಡುಕಿ ತಂದ, ಅವಳು ಜಂಬದಿಂದ ಕೂರಿಸಿದ ಆ ಕನ್ವರ್ಟರ್, ಧ್ವನಿಯನ್ನು ಮಾತ್ರ ಉಳಿಸಿಕೊಂಡು ಅದರ ಹೆಸರು ಕುಲ ಎಲ್ಲವನ್ನೂ ಒರೆಸಿ ಹಾಕುತ್ತಿತ್ತು. ಎಲ್ಲಾ ಹಾಕೀನ್ರಿ ಎಂದಿದ್ದ. ಹಾಕಿದ್ದ. ಅವನ ಕೆಲಸವನ್ನು ತಾನೇ ಅಳಿಸಿ, ಅವನಿಗೇ ಕಸ ಎಂದಿದ್ದಳು. ನಾಳೆ ಸಂಜೆಯಾದರೆ ಅವನಿಗೆ ಈ ಬಾಗಿಲು ಮುಚ್ಚಿತು, ಇವಳಿಗೆ ಹೆಡ್ಡಿನ ಕುರ್ಚಿ.

ಅಯ್ಯೋ ದೇವರೇ ಎಂದು ಹಣೆ ಹಿಡಿದುಕೊಂಡವಳಿಗೆ ಇನ್ನೊಂದು ಹೊಳೆಯಿತು. ಸೋಮವಾರ ಅವನು ಫೈಲಿನ ಹೊಸ ಹೆಸರುಗಳನ್ನು ನೋಡಿ ಬಾಯಿ ತೆರೆದು ಮುಚ್ಚಿದ್ದು. ಅವನಿಗೆ ಆಗಲೇ ಗೊತ್ತಾಗಿತ್ತು! ಮತ್ತೆ, ಜನ ಸಿನಿಮಾ ನೋಡುವವರೆಗೆ ಮೂಲ ಫೈಲುಗಳ ಒಂದು ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳದ ಸೌಂಡ್ ರೆಕಾರ್ಡಿಸ್ಟ್ ಈ ಊರಲ್ಲಿ ಯಾರಿದ್ದಾನೆ?

ಅವಳು ಕುರ್ಚಿಗೆ ನೇತುಹಾಕಿದ್ದ ಚೀಲ ನೋಡಿದಳು. ಪಶ್ಚಾತ್ತಾಪ ಇದ್ದಲ್ಲೇ ಇತ್ತು, ಅದರ ಮೇಲೆ ಬೆಂಕಿ ಹತ್ತಿತು.

ಗಿರಿಧರ್ ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ಬಾಗಿಲು ಹಾಕಿ," ಎಂದಳು.

ಅವನು ತೆರೆಯತ್ತ ನೋಡಿದ. ಒಂದೇ ಫೈಲ್ ಎರಡು ಸಾಲಿನಲ್ಲಿ, ಒಂದು ತುಂಬಿ, ಒಂದು ಖಾಲಿ. ಬಾಗಿಲು ಹಾಕಿದ.

"ಒರಿಜಿನಲ್ ನಿಮ್ಮ ಹತ್ರ ಇದೆಯಾ?"

"ಐತ್ರಿ."

"ಎಲ್ಲಿ?"

"ಚೀಲದಾಗ."

"ಸೋಮವಾರದಿಂದ?"

"ಸೋಮವಾರದಿಂದ."

"ಪಾವಿ!" ಎಂದು ಚೀರಿದಳು. ಪಾಪಿ ಎನ್ನುವಷ್ಟು ಹೊತ್ತಿಗೆ ತಮಿಳೇ ಮೊದಲು ಬಂದಿತ್ತು. "ನಾಲ್ಕು ದಿನ! ನಾಲ್ಕು ದಿನ ನಾನಿಲ್ಲಿ ಕೂತು ಕಂಡ ಕಂಡವರ ತುಟಿ ನೋಡಿ ಕಣ್ಣು ಕಳ್ಕೊಂಡಿದೀನಿ. ಕಣ್ಣು ಮುಚ್ಚಿದ್ರೆ ತುಟಿ, ಬಿಟ್ರೆ ತುಟಿ. ನೀವು ಚೀಲದಲ್ಲಿಟ್ಕೊಂಡು ಪಕ್ಕದಲ್ಲಿ ಕೂತು ಮೇಜು ತಟ್ತಿದ್ರಾ? ತಮಾಷೇನಾ ನಿಮಗೆ? ಯಾಕೆ ಹೇಳಲಿಲ್ಲ?"

"ಕಸ ಅಂದ್ರಿ ನೀವು." ಅವನ ದನಿಯೂ ಏರಿತು. "ನಾ ಆ ಬಿಸಿಲಾಗ, ಆ ವಾಸನ್ಯಾಗ ನಿಂತು ಒಂದೊಂದಕ್ಕೂ ಹೆಸರು ಹಾಕೀನಿ. ಬಂದ ಕೂಡ್ಲೆ ಕಸ ಅಂದ್ರಿ. ನಿಮ್ಮ ಕನ್ವರ್ಟರ್ ಕೆಲಸ ಅಂತ ಫೈಲಿನ ಹೆಸರು ನೋಡಿದ ಕೂಡ್ಲೆ ತಿಳೀತು. ಹೇಳಾವ ಇದ್ದೆ. ಸಿಟ್ಟು ಬಂತು. ಶುಕ್ರವಾರ ಎಲ್ಲಾರ ಮುಂದ ಒರಿಜಿನಲ್ ಇಟ್ಟು ನಿಮ್ಮ ಮಾನ ಕಳೀಬೇಕು ಅಂತ ಸುಮ್ಮನಾದೆ. ಹೌದ್ರಿ, ಅಷ್ಟ ಕೆಟ್ಟವ ನಾನು."

"ಹಾಗಾದ್ರೆ ಕಳೀಬೇಕಿತ್ತು! ಕಾಯೋದು ಯಾಕೆ? ಕರೀರಿ ಎಲ್ಲರನ್ನೂ!"

"ಈಗ ಅದು ಆಗೂದಿಲ್ರಿ."

"ಯಾಕೆ?"

"ನಡುವ ಬುಧವಾರ ಬಂತು."

"ಬುಧವಾರ ಏನಾಯ್ತು?"

ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನೀವು ನಕ್ರಿ," ಎಂದ.

ಸುಮೇಧಾ ಕುರ್ಚಿ ಎಳೆದು ಕೂತಳು.

"ಆವತ್ತ ಹೇಳಬೇಕು ಅಂತ ಬಾಯಿಗೆ ಬಂತು," ಎಂದ ಅವನು, ನೆಲ ನೋಡುತ್ತ. "ಹೇಳಿದ್ರ ಹತ್ತು ನಿಮಿಷದಾಗ ಕೆಲಸ ಮುಗೀತಿತ್ತು. ಮುಗಿದ್ರ ನಾ ಯಾವ ನೆವಾ ಹೇಳ್ಕೊಂಡು ಇಲ್ಲಿ ಬರ್ಲಿ? ನೀವರ ನನ್ನ ಮುಖಾ ಕಂಡ್ರ ಉರದ ಬೀಳ್ತೀರಿ. ಅದಕ್ಕ ಇವತ್ತ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದೂಡಿದೆ. ಆಮ್ಯಾಲ ಹೇಳೂದ ಬ್ಯಾಡ ಅನಿಸ್ತು. ನಿಮಗ ಆ ಹೆಡ್ ಕೆಲಸ ಸಿಗ್ಲಿ. ನನಗ ಮೈಕ್ ಹಿಡ್ಯಾಕ ಬೇರೆ ಊರು ಐತಿ."

ಅವಳ ಕಣ್ಣು ತುಂಬಿತು. ಕಣ್ಣೀರಿನಲ್ಲೂ ಅವಳಿಗೆ ಬಂದದ್ದು ಸಿಟ್ಟೇ.

"ಬೇರೆ ಊರು ಐತಂತೆ! ಯಾರು ಕೇಳಿದ್ದು ನಿಮ್ಮನ್ನ ಈ ದಾನ? ನನ್ನ ತಪ್ಪನ್ನ ನೀವು ಹೊತ್ಕೊಂಡು ಹೋಗ್ತೀರಿ. ನಾನು ಆ ಕುರ್ಚೀಲಿ ಕೂತು ಜೀವಮಾನ ಪೂರ್ತಿ ನಿಮ್ಮ ಹಂಗಲ್ಲಿರಬೇಕು. ಇದು ಮಾನ ಕಳೆಯೋದಕ್ಕಿಂತ ಕೆಟ್ಟದು ಕಣ್ರೀ!"

ರೀ ಎಂದದ್ದು ಅವಳ ಗಮನಕ್ಕೂ ಬರಲಿಲ್ಲ. ಅವನ ಗಮನಕ್ಕೆ ಬಂತು. ಕೆಳತುಟಿಯ ಬಲಗಡೆ ಸ್ವಲ್ಪ ಅದುರಿತು.

"ಸರ್‌ಗೆ ಹೇಳಬ್ಯಾಡ್ರಿ," ಎಂದ ಮೆತ್ತಗೆ. "ಈಗ ಒರಿಜಿನಲ್ ಹಾಕೋಣು. ಕಿವೀಲೆ ಮಾಡಿದ್ವಿ ಅಂತ ಅನ್ನೋಣು. ಯಾರಿಗೂ ತಿಳಿಯೂದಿಲ್ಲ."

ಒಂದು ಗಳಿಗೆ ಆಸೆಯಾಯಿತು ಅವಳಿಗೆ. ಅಮ್ಮ ನೆಂಟರಿಗೆಲ್ಲ ಹೇಳಿಕೊಂಡದ್ದು, ಗಾಜಿನ ಬಾಗಿಲ ಮೇಲೆ ತನ್ನ ಹೆಸರು, ಇಷ್ಟು ವರ್ಷ ಕಣ್ಣು ಬಸಿದು ದುಡಿದದ್ದು. ಎಲ್ಲ ಒಂದು ಕಡೆ. ಇನ್ನೊಂದು ಕಡೆ, ಮುಖದ ಮುಂದೆ ತಲೆತಗ್ಗಿಸಿ ನಿಂತ ಈ ಮೊಂಡ. ತಪ್ಪು ಮಾಡದವನು ಊರು ಬಿಡಬೇಕು, ಮಾಡಿದವಳು ಹೆಡ್ ಆಗಬೇಕು. ಬಾಗಿಲು ತೆರೆದು ನೇರವಾಗಿ ಸುಜಯೀಂದ್ರ ಅವರ ಕೋಣೆಗೆ ನಡೆದಳು. ಅವನು ಹಿಂದೆಯೇ "ಏ ಬ್ಯಾಡ್ರಿ, ನಿಲ್ರಿ" ಎಂದು ಓಡಿ ಬಂದ.

"ಸರ್, ಗ್ರೂಪ್‌ನಲ್ಲಿ ಹೆಸರು ಹಾಕೋದಾದ್ರೆ ನನ್ನದು ಹಾಕಿ," ಎಂದಳು. ಕನ್ವರ್ಟರ್, ಅಳಿಸಿಹೋದ ಮೆಟಾಡೇಟಾ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಇವರು ಎಲ್ಲಾ ಸರಿಯಾಗೇ ಮಾಡಿದ್ರು. ಹಾಳು ಮಾಡಿದ್ದು ನಾನು. ನೋಡದೆ ಕಸ ಅಂದಿದ್ದೂ ನಾನೇ."

ಸುಜಯೀಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ಕೂಗಲಿಲ್ಲ, ಅದೇ ಹೆಚ್ಚು ಭಯವಾಯಿತು.

"ಒಂದು ಫೈಲ್ ಹಾಕಿ ಪರೀಕ್ಷೆ ಮಾಡೋಕೆ ಆಗಲಿಲ್ವಾ ನಿನಗೆ?" ಎಂದರು.

"ಮಾಡಬೇಕಿತ್ತು ಸರ್."

"ಹೆಡ್ ಮಾಡೋ ಮಾತು ಬಿಟ್ಟುಬಿಡು. ಬೇರೆಯವರನ್ನ ನೋಡ್ಕೋತೀನಿ." ಗಿರಿಧರನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಹೂನ್ರಿ."

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ? ನಾನು ಅಷ್ಟು ಬೈದೆನಲ್ಲ ನಿನ್ನ?"

ಅವನು ಕಿಟಕಿ ನೋಡಿದ. ಅವಳು ನೆಲ ನೋಡಿದಳು. ಸುಜಯೀಂದ್ರ ಕನ್ನಡಕ ಹಾಕಿಕೊಂಡು ಇಬ್ಬರನ್ನೂ ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು.

"ಪೈತ್ಯಗಳು. ಎರಡೂ ಹುಚ್ಚು ಪೈತ್ಯಗಳು," ಎಂದರು. "ಹೋಗಿ ಫಿಲ್ಮ್ ಮುಗಿಸಿ. ಗಿರಿ, ಮುಂದಿನ ಪಡಕ್ಕೂ ನೀನೇ. ಬೈದಿದ್ದು ಮನಸ್ಸಲ್ಲಿ ಇಟ್ಕೋಬೇಡಪ್ಪಾ."

ಮೂಲ ಫೈಲುಗಳನ್ನು ಹಾಕಿದರು. ಹತ್ತು ನಿಮಿಷವೂ ಬೇಕಾಗಲಿಲ್ಲ. ಕಾಲಂಗಳು ಮೇಲಿನಿಂದ ಕೆಳಗೆ ತುಂಬುತ್ತ ಹೋದವು. ಒಂದೊಂದೇ ದನಿ ತನ್ನ ತುಟಿಯನ್ನು ತಾನೇ ಹುಡುಕಿಕೊಂಡು ಹೋಗಿ ಕೂತಿತು. ಆಮೇಲೆ ಆ ಕೋಣೆಯಲ್ಲಿ ಹಿಂದೆ ಮುಂದೆ ಎನ್ನಲು ಏನೂ ಉಳಿಯಲಿಲ್ಲ.

ಗಿರಿಧರ್ ವೈರುಗಳನ್ನು ಸುತ್ತಿ ಚೀಲದಲ್ಲಿಟ್ಟ. ಬಹಳ ನಿಧಾನವಾಗಿ ಸುತ್ತಿದ. ಅವಳು ತೆರೆಯಿಂದ ಕಣ್ಣು ತೆಗೆಯಲಿಲ್ಲ. ಅವನು ಹೋದ ಹೆಜ್ಜೆಸದ್ದು ಮೆಟ್ಟಿಲಿಗೆ ಇಳಿದಾಗ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು.

"ಒಂದು ಮಾತೂ ಹೇಳದೆ ಹೊರಟುಬಿಡ್ತೀರಾ?"

ಅವನು ಮೆಟ್ಟಿಲ ತಿರುವಿನಲ್ಲಿ ನಿಂತ. "ಏನ್ ಹೇಳ್ಲಿ? ನನ್ನಿಂದ ನಿಮ್ಮ ಹೆಡ್ ಕೆಲಸಾನೂ ಹೋತು."

"ನನ್ನಿಂದ ಹೋಯ್ತು. ಅದನ್ನೂ ನೀವೇ ಹೊತ್ಕೋಬೇಡಿ." ಕಂಬಿ ಹಿಡಿದು ಎರಡು ಮೆಟ್ಟಿಲು ಇಳಿದಳು. "ಕಸ ಅಂದಿದ್ದು ತಪ್ಪು. ಕ್ಷಮಿಸಿ. ಆದ್ರೆ ಮುಚ್ಚಿಟ್ರಲ್ಲ, ಅದಕ್ಕೆ ಸಿಟ್ಟು ಹೋಗಿಲ್ಲ. ಹೋಗೋದೂ ಇಲ್ಲ, ಇಷ್ಟರಲ್ಲಿ."

"ಎಷ್ಟು ದಿನಾ ಇರತೈತ್ರಿ ಸಿಟ್ಟು?"

"ತುಂಬಾ ದಿನ. ವರ್ಷಗಟ್ಟಲೆ ಇರಬಹುದು."

"ಅಷ್ಟು ದಿನಾ ಬೈಸ್ಕೊಳ್ಳಾಕ ನಾ ಎದುರಿಗಿರಬೇಕಲ್ರಿ ಮತ್ತ?"

"ಹೌದು," ಎಂದಳು. ಇನ್ನೊಂದು ಮೆಟ್ಟಿಲು ಇಳಿದಳು. "ಎದುರಿಗೇ ಇರಬೇಕು."

ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಯಾರನ್ನೋ ಬೈಯುತ್ತಿದ್ದ. ಗಿರಿಧರ್ ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದ.

"ಶನಿವಾರ ಬನ್ನಿ," ಎಂದಳು ಸುಮೇಧಾ.

"ಶನಿವಾರ ಏನ್ ಕೆಲಸ ಐತ್ರಿ?"

"ಏನೂ ಇಲ್ಲ," ಎಂದಳು. ಅವನ ಕಣ್ಣನ್ನೇ ನೋಡಿದಳು. "ಕೆಲಸ ಏನೂ ಇಲ್ಲ. ಸುಮ್ಮನೆ ಬಾ."